ಡೀಸೆಲ್‌ನಲ್ಲಿ ನೀರು: ಫಿಲ್ಟರ್ ತಡೆಯುತ್ತೆ ಸರಿ, ಹೊರಗೆ ಹಾಕೋದು ಯಾರು?

ಇವತ್ತಿನ ವಿಷಯ ಡೀಸೆಲ್ ಫಿಲ್ಟರ್. ಸಾಫ್ಟ್‌ವೇರ್‌ನವನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕಾರಣ ಇದೆ.

2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ ಹತ್ತರ ಸುಮಾರಿಗೆ ಮುಂಬೈನ ಬಹುಭಾಗಕ್ಕೆ ಕರೆಂಟ್ ಹೋಯ್ತು, ಲೋಕಲ್ ಟ್ರೇನುಗಳೂ ನಿಂತವು. ಭಾಂಡುಪ್‌ನಲ್ಲಿ ನಮ್ಮ ಸೊಸೈಟಿಯ ಜನರೇಟರ್ ನಾಲ್ಕು ನಿಮಿಷ ಓಡಿ, ಕೆಮ್ಮಿ, ನಿಂತುಬಿಡ್ತು. ಒಂಬತ್ತನೇ ಮಹಡಿಯ ಅಜ್ಜಿಗೆ ಅವತ್ತು ಡಯಾಲಿಸಿಸ್. ನಾವು ನಾಲ್ಕು ಜನ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದೆವು. ಸಂಜೆ ಮೆಕ್ಯಾನಿಕ್ ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿದಾಗ ಬಂದದ್ದು ಡೀಸೆಲ್ ಅಲ್ಲ, ನೀರು. ಫಿಲ್ಟರ್ ಮಾತ್ರ ಹೊಸದೇ ಇತ್ತು.

ನೀರು ಎಲ್ಲಿಂದ ಬಂತು? ಅರ್ಧ ಖಾಲಿ ಟ್ಯಾಂಕಿನಲ್ಲಿ ಮಿಕ್ಕ ಜಾಗದ ತುಂಬ ಗಾಳಿ. ಮಳೆಗಾಲದ ಮುಂಬೈ ಗಾಳಿ ಅಂದ್ರೆ ಗೊತ್ತಲ್ಲ! ರಾತ್ರಿ ತಂಪಾದಾಗ ಅದರ ತೇವ ಟ್ಯಾಂಕಿನ ಗೋಡೆಯ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ತಳ ಸೇರುತ್ತೆ. ಇದಲ್ಲದೆ ಬಿಎಸ್-6 ಡೀಸೆಲ್‌ನಲ್ಲೇ ಕಿಲೋಗೆ 200 ಮಿಲಿಗ್ರಾಂವರೆಗೆ ನೀರಿರಬಹುದು. 100 ಲೀಟರಿಗೆ ಸುಮಾರು 17 ಮಿಲಿ, ಅಂದ್ರೆ ದೊಡ್ಡ ಚಮಚದಷ್ಟು.

ಈಗ ಫಿಲ್ಟರ್. ಕಾಗದದ ನಾರು ಸಹಜವಾಗಿ ನೀರು ಹೀರುತ್ತೆ. ಅದಕ್ಕೆ ಸಿಲಿಕೋನ್ ಅಥವಾ ಫ್ಲೋರಿನ್ ಇರೋ ಲೇಪ ಕೊಟ್ರೆ ನೀರು ಒಲ್ಲದ ಮೈ ಆಗುತ್ತೆ. ಕೆಸುವಿನ ಎಲೆ ಮೇಲೆ ಹನಿ ಉರುಳೋದನ್ನು ನೆನಪಿಸಿಕೊಳ್ಳಿ. ಡೀಸೆಲ್ ನಾರನ್ನು ನೆನೆಸಿ ರಂಧ್ರದಲ್ಲಿ ದಾಟಿ ಹೋಗುತ್ತೆ. ನೀರಿನ ಹನಿ ಮಾತ್ರ ಉಂಡೆಯಾಗಿ ಬಾಗಿಲಲ್ಲೇ ನಿಲ್ಲುತ್ತೆ. ಗಮನಿಸಿ, ಇಲ್ಲಿ ನೀರು ಹೀರಿಕೊಳ್ಳೋದು ನಡೆಯೋದಿಲ್ಲ, ತಡೆಯೋದಷ್ಟೇ. ಡೀಸೆಲ್‌ನಲ್ಲಿ ಪೂರ್ತಿ ಕರಗಿರೋ ನೀರನ್ನಂತೂ ತಡೆಯೋಕೂ ಆಗಲ್ಲ.

ಹನಿಯನ್ನು ರಂಧ್ರದ ಬಾಯಲ್ಲಿ ಹಿಡಿದಿಡೋದು ನೀರು-ಡೀಸೆಲ್ ನಡುವಿನ ಮೇಲ್ಮೈ ಎಳೆತ. ಅದು ಅರ್ಧಕ್ಕಿಳಿದ್ರೆ ತಡೆಯೋ ಶಕ್ತಿಯೂ ಅರ್ಧ. ಅದನ್ನು ಇಳಿಸೋದು ಏನು? ಸೋಪಿನಂಥ ಗುಣದ ವಸ್ತುಗಳು. 2020ರ ಏಪ್ರಿಲ್ 1ರಿಂದ ದೇಶದ ಡೀಸೆಲ್‌ನಲ್ಲಿ ಗಂಧಕದ ಮಿತಿ 50ರಿಂದ 10 ಪಿಪಿಎಂಗೆ ಇಳಿಯಿತು. ಗಾಳಿಗೆ ಒಳ್ಳೇದು. ಆದ್ರೆ ಗಂಧಕ ತೆಗೆಯುವಾಗ ಡೀಸೆಲ್‌ನ ಸಹಜ ಜಾರುಗುಣವೂ ಹೋಗುತ್ತೆ, ಪಂಪ್ ಸವೆಯಬಾರದು ಅಂತ ಬೇರೆ ರಾಸಾಯನಿಕ ಬೆರೆಸ್ತಾರೆ. ಇಂಥ ರಾಸಾಯನಿಕಗಳು, ಬಯೋಡೀಸೆಲ್ ಕೂಡ, ಎಳೆತ ತಗ್ಗಿಸಿ ನೀರನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತವೆ.

ಅದಕ್ಕೇ ಒಳ್ಳೆ ಫಿಲ್ಟರ್‌ಗಳಲ್ಲಿ ಎರಡು ಹಂತ. ಮೊದಲು ಸಣ್ಣ ಗಾಜಿನ ಇಲ್ಲವೇ ಪಾಲಿಯೆಸ್ಟರ್ ನಾರಿನ ಪದರ. ಅಲ್ಲಿ ಸಣ್ಣ ಹನಿಗಳು ಅಂಟಿ, ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ಹನಿಯ ಅಗಲ 10 ಪಟ್ಟಾದ್ರೆ ಕೆಳಗಿಳಿಯೋ ವೇಗ 100 ಪಟ್ಟು! ಆಮೇಲೆ ನೀರು ಒಲ್ಲದ ಜಾಲರಿ. ದೊಡ್ಡ ಹನಿಗಳು ಅದನ್ನು ದಾಟಲಾರದೆ ತಳದ ಬಟ್ಟಲಿಗೆ ಬೀಳುತ್ತವೆ.

ಆ ಬಟ್ಟಲೇ ನಮ್ಮ ಕತೆಯ ಮುಖ್ಯ ಪಾತ್ರ. ಲಾಕ್‌ಡೌನ್‌ನಲ್ಲಿ ಆರು ತಿಂಗಳು ನಮ್ಮ ಜನರೇಟರ್ ಸರಿಯಾಗಿ ಓಡಿರಲಿಲ್ಲ. ಟ್ಯಾಂಕಿನ ತಳದ ನೀರೆಲ್ಲ ಒಮ್ಮೆಲೇ ನುಗ್ಗಿ ಬಟ್ಟಲು ತುಂಬಿ ಫಿಲ್ಟರ್ ಮುಳುಗಿತು. ಎಷ್ಟೇ ಒಳ್ಳೆ ಲೇಪ ಇದ್ರೂ ಮುಳುಗಿದ ಮೇಲೆ ಏನು ಮಾಡೀತು? ನಾವು ಪ್ರೋಗ್ರಾಂ ಬರೆಯುವಾಗ್ಲೂ ಅಷ್ಟೇ: ತಪ್ಪನ್ನು ಹಿಡಿದಿಟ್ಟರೆ ಸಾಲದು, ಅದನ್ನು ಯಾರಾದ್ರೂ ನೋಡಬೇಕು.

ಈಗ ನಮ್ಮ ಸೊಸೈಟಿಯ ರೂಢಿ ಇಷ್ಟು. ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ತುಂಬಿಸ್ತೀವಿ. ವಾರಕ್ಕೊಮ್ಮೆ ಜನರೇಟರ್ ಓಡಿಸ್ತೀವಿ. ಓಡಿಸೋ ಮುಂಚೆ ವಾಚ್‌ಮನ್ ಟ್ಯಾಂಕ್ ಮತ್ತು ಫಿಲ್ಟರ್ ಎರಡರ ತಳದಿಂದಲೂ ಸ್ವಲ್ಪ ಗಾಜಿನ ಬಾಟಲಿಗೆ ಬಿಟ್ಟು ನೋಡ್ತಾರೆ. ಕೆಳಗೆ ಬೇರೆ ಪದರ ಕಂಡರೆ ಶುದ್ಧ ಡೀಸೆಲ್ ಬರೋವರೆಗೆ ಬಿಡ್ತಾರೆ. ಆ ನೀರನ್ನು ಗಟಾರಕ್ಕೆ ಸುರಿಯಬೇಡಿ, ಅದರಲ್ಲಿ ಡೀಸೆಲ್ ಇರುತ್ತೆ.

ಎರಡು ನಿಮಿಷದ ಕೆಲಸ. ಅಜ್ಜಿಯನ್ನು ಒಂಬತ್ತು ಮಹಡಿ ಇಳಿಸೋಕೆ ನಮಗೆ ಇಪ್ಪತ್ತು ನಿಮಿಷ ಹಿಡಿದಿತ್ತು. ಇವತ್ತೇ ನಿಮ್ಮ ಕಟ್ಟಡದ ಜನರೇಟರ್ ಹತ್ತಿರ ಹೋಗಿ, ಆ ತಿರುಪನ್ನು ಕೊನೆಯ ಸಲ ತೆಗೆದದ್ದು ಯಾವಾಗ ಅಂತ ಕೇಳಿ ನೋಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.