ಚಾಂಪಿಯನ್ ಎಂಬ ಬಿರುದಿನ ಬೆಲೆ

ನಮ್ಮ ಮಸ್ಕಿಯ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ ಇತಿಹಾಸಜ್ಞರಿಗೆ ಒಂದು ದೊಡ್ಡ ಉಪಕಾರವಾಯಿತು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಅವು ಅಶೋಕನವೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿಯ ಕಲ್ಲು. ಬಿರುದು ಬೇಗ ಕಣ್ಣಿಗೆ ಬೀಳುತ್ತದೆ. ಅದರ ಹಿಂದಿನ ವ್ಯಕ್ತಿ ಮತ್ತು ಕಾರ್ಯ ಅಷ್ಟು ಬೇಗ ಕಾಣುವುದಿಲ್ಲ. ಕ್ರೀಡಾರಂಗದ ‘ಚಾಂಪಿಯನ್’ ಎಂಬ ಬಿರುದಿಗೂ ಈ ಮಾತು ಸಲ್ಲುತ್ತದೆ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆಯವರು 2019ರ ಆಗಸ್ಟಿನಲ್ಲಿ ಮೋಟಾರು ಸೈಕಲ್ಲಿನ ಬಾಹಾ ವಿಶ್ವಕಪ್ಪನ್ನು ಮಹಿಳಾ ವಿಭಾಗದಲ್ಲಿ ಗೆದ್ದರು. ಮೋಟಾರು ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಪಡೆದ ಮೊದಲ ಭಾರತೀಯರೆಂದು ಪತ್ರಿಕೆಗಳು ಅವರನ್ನು ಕೊಂಡಾಡಿದವು. ಈ ಗೆಲುವನ್ನು ಅಳೆಯುವ ಬಗೆ ಯಾವುದು?

ಮೊದಲು ಸ್ಪರ್ಧೆಯ ಸ್ವರೂಪವನ್ನು ತಿಳಿಯಬೇಕು. ಬಾಹಾ ಎಂಬುದು ನುಣ್ಣನೆಯ ಡಾಂಬರು ಪಥದಲ್ಲಿ ಸುತ್ತು ಹಾಕುವ ಪಂದ್ಯವಲ್ಲ. ಮರಳು, ಕಲ್ಲು, ಧೂಳಿನ ಕಾಡುದಾರಿಯಲ್ಲಿ ನಡೆಯುವ ಓಟವದು. ಸವಾರರು ಒಬ್ಬರಾದ ಮೇಲೊಬ್ಬರು ಹೊರಡುತ್ತಾರೆ. ಎದುರಾಳಿ ಕಣ್ಣಿಗೆ ಕಾಣದಿದ್ದರೂ ಗಡಿಯಾರ ಬಿಡುವುದಿಲ್ಲ. ವೇಗದಷ್ಟೇ ದಾರಿಯನ್ನು ಓದುವ ಜಾಣ್ಮೆಯೂ ವಾಹನವನ್ನು ಕೊನೆಯವರೆಗೆ ಕಾಯ್ದುಕೊಳ್ಳುವ ತಾಳ್ಮೆಯೂ ಬೇಕು.

ಇನ್ನು ಲೆಕ್ಕವನ್ನು ನೋಡೋಣ. ಐಶ್ವರ್ಯಾ ಅವರು ದುಬೈಯಲ್ಲಿ ಪ್ರಥಮ, ಪೋರ್ಚುಗಲ್ಲಿನಲ್ಲಿ ತೃತೀಯ, ಸ್ಪೇನಿನಲ್ಲಿ ಐದನೆಯ, ಹಂಗೇರಿಯಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಇವುಗಳಿಗೆ ಕ್ರಮವಾಗಿ 25, 16, 11 ಮತ್ತು 13 ಅಂಕಗಳು, ಒಟ್ಟು 65. ಎರಡನೆಯವರಾದ ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗೆ 61. ಅಂತರ ನಾಲ್ಕೇ ಅಂಕ! ಸ್ಪೇನಿನ ಐದನೆಯ ಸ್ಥಾನವನ್ನು ತೆಗೆದುಬಿಟ್ಟರೆ ಉಳಿಯುವುದು 54, ಪ್ರಶಸ್ತಿ ಕೈತಪ್ಪುತ್ತಿತ್ತು. ಎಲ್ಲರೂ ಹೊಗಳುವುದು ದುಬೈಯ ಗೆಲುವನ್ನು. ಆದರೆ ಕಿರೀಟವನ್ನು ಉಳಿಸಿಕೊಟ್ಟದ್ದು ಯಾರೂ ಎಣಿಸದ ಆ ಐದನೆಯ ಸ್ಥಾನ.

ಆ ಸ್ಪೇನಿಗೂ ಅವರಿಗೂ ಹಳೆಯ ಋಣವೊಂದಿತ್ತು. ಹಿಂದಿನ ವರ್ಷ, 2018ರಲ್ಲಿ, ಅದೇ ಅರಗೋನಿನ ಬಾಹಾದಲ್ಲಿ ಬಿದ್ದು ಅವರ ಮೇದೋಜೀರಕ ಗ್ರಂಥಿಗೆ ತೀವ್ರ ಪೆಟ್ಟಾಗಿತ್ತು. ಅಂಥ ನೆಲಕ್ಕೆ ಮರಳಿ ಹೋಗಿ, ಓಟವನ್ನು ಪೂರ್ಣಗೊಳಿಸಿ ಬಂದದ್ದು ಸಾಮಾನ್ಯವಾದ ಮಾತಲ್ಲ.

ಹಾಗೆಂದು ಅತಿಸ್ತುತಿಯೂ ಸಲ್ಲದು. ಇದು ಮಹಿಳಾ ವಿಭಾಗದ ಪ್ರಶಸ್ತಿಯೇ ಹೊರತು ಎಲ್ಲ ಸವಾರರ ಒಟ್ಟು ಪ್ರಶಸ್ತಿಯಲ್ಲ. ಆದರೆ ಅದೇ ವರ್ಷ ಕಿರಿಯರ ವಿಭಾಗದಲ್ಲಿ ಅವರು ಚಿಲಿ ದೇಶದ ತೋಮಾಸ್ ದೆ ಗವಾರ್ದೊ ಅವರ ಹಿಂದೆ ದ್ವಿತೀಯರಾದರು. ಅಲ್ಲಿ ಎದುರಾಳಿಗಳು ಹುಡುಗರೂ ಆಗಿದ್ದರೆಂಬುದನ್ನು ಮರೆಯಲಾಗದು.

ಬಿರುದಿಲ್ಲದ ಹಿರಿಮೆಯೂ ಉಂಟು. ಬೆಂಗಳೂರಿನವರೇ ಆದ ಸಿ. ಎಸ್. ಸಂತೋಷ್ ಅವರು 2015ರಲ್ಲಿ ದಕ್ಷಿಣ ಅಮೆರಿಕದ ಡಕಾರ್ ರ‍್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದರು. ಆ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರು ಅವರು. 36ನೆಯ ಸ್ಥಾನಕ್ಕೆ ಕಿರೀಟವಿಲ್ಲ. ಆದರೂ ಮುಂದಿನವರಿಗೆ ದಾರಿ ತೆರೆದದ್ದು ಅದೇ. 2021ರಲ್ಲಿ ಸೌದಿ ಅರೇಬಿಯದ ಡಕಾರ್‌ನಲ್ಲಿ ಬಿದ್ದು ಅವರು ತೀವ್ರವಾಗಿ ಗಾಯಗೊಂಡರು. ಈ ಕ್ರೀಡೆ ಕೇಳುವ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಮಿತ್ರರೇ, ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಬರುವ ಹೆದ್ದಾರಿಯಲ್ಲಿ ಗಾಡಿ ಓಡಿಸುವ ತರುಣರು ನಮ್ಮಲ್ಲಿ ಅನೇಕರಿದ್ದಾರೆ. ಭತ್ತದ ಲಾರಿ, ಟ್ರ್ಯಾಕ್ಟರು, ಎತ್ತಿನ ಬಂಡಿಗಳ ನಡುವೆ ನುಗ್ಗುವುದನ್ನೇ ಕೆಲವರು ಶೌರ್ಯವೆಂದು ಬಗೆಯುವುದುಂಟು. ನಿಜವಾದ ಸ್ಪರ್ಧಿಯಾದರೋ ಗೊತ್ತುಪಡಿಸಿದ ಮಾರ್ಗದಲ್ಲಿ, ಶಿರಸ್ತ್ರಾಣ ಮತ್ತು ರಕ್ಷಾಕವಚ ಧರಿಸಿ, ವರ್ಷಗಟ್ಟಲೆ ಅಭ್ಯಾಸ ಮಾಡಿ ಓಡುವವನು. ಅಲ್ಲಿಯೂ ಬಿದ್ದವನಿಗೆ ಅಂಕವಿಲ್ಲ. ಗುರಿ ಮುಟ್ಟಿದವನಿಗೇ ಅಂಕ. ಸಾಧಕರ ಜೀವನವನ್ನು ತೂಗುವಾಗ ಗೆದ್ದ ಒಂದು ದಿನವನ್ನು ಮಾತ್ರ ನೋಡದೆ, ಸೋಲಬಹುದಾಗಿದ್ದ ದಿನವೂ ಅವರು ಕೊನೆಯ ಗೆರೆಯನ್ನು ಮುಟ್ಟಿದರೇ ಎಂದು ಕೇಳಬೇಕು. ಆ ಪ್ರಶ್ನೆಗೆ ಐಶ್ವರ್ಯಾ ಅವರ 11 ಅಂಕಗಳೇ ಉತ್ತರ.