ಜೀವಾಕ್ಷರಗಳ ಲೆಕ್ಕಪತ್ರ

ಬಯೋಇನ್‌ಫರ್ಮ್ಯಾಟಿಕ್ಸ್, ಅಂದರೆ ಜೈವಿಕ ಮಾಹಿತಿ ವಿಜ್ಞಾನ, ಪುಣೆಗೆ ಹೊಸದಲ್ಲ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿ 1987ರಲ್ಲಿಯೇ ಕೇಂದ್ರವೊಂದು ಆರಂಭವಾಯಿತು. ಇಲ್ಲಿಯೇ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ಪರಮ್ ಸೂಪರ್‌ಕಂಪ್ಯೂಟರನ್ನು ರೂಪಿಸಿತು. ಆದರೂ ಈ ಕ್ಷೇತ್ರದ ಕಂಪನಿಗಳು ಮಾಡುವ ಕೆಲಸವೇನೆಂದು ಕೇಳಿದರೆ ನಮ್ಮಲ್ಲಿ ಅನೇಕರು ಉತ್ತರಿಸಲಾರೆವು.

ಮನುಷ್ಯನ ವಂಶವಾಹಿ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಈಗ ಹೆಚ್ಚು ಬಳಕೆಯಲ್ಲಿರುವ ಯಂತ್ರಗಳು ಅದನ್ನು ಕೋಟ್ಯಂತರ ಸಣ್ಣ ತುಣುಕುಗಳಾಗಿ ಓದುತ್ತವೆ. ಕಂಪ್ಯೂಟರ್ ಮೊದಲು ದೋಷಯುಕ್ತ ತುಣುಕುಗಳನ್ನು ಬೇರ್ಪಡಿಸಬೇಕು. ಉಳಿದವನ್ನು ಮಾದರಿ ಪ್ರತಿಯೊಂದಿಗೆ ತಾಳೆ ನೋಡಬೇಕು. ವ್ಯತ್ಯಾಸಗಳನ್ನು ಪಟ್ಟಿ ಮಾಡಬೇಕು. ಅವುಗಳಲ್ಲಿ ರೋಗಕ್ಕೆ ಸಂಬಂಧಿಸಿದವನ್ನು ಗುರುತಿಸಬೇಕು. ಒಂದು ಹಂತದ ಫಲವೇ ಮುಂದಿನ ಹಂತದ ಮೂಲ. ಈ ಸರಣಿಯನ್ನೇ ‘ಪೈಪ್‌ಲೈನ್’ ಎನ್ನುತ್ತಾರೆ.

ಬ್ಯಾಂಕಿನಲ್ಲಿ ಜಮಾ-ಖರ್ಚು ತಾಳೆಯಾಗದಿದ್ದರೆ ತಪ್ಪು ಅಂದೇ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ಮಾದರಿ ಪ್ರತಿಯ 2009ರ ಆವೃತ್ತಿಯಲ್ಲಿ ಒಂದು ಸ್ಥಾನಸಂಖ್ಯೆ ಸೂಚಿಸುವ ಜಾಗ ಬೇರೆ, 2013ರ ಆವೃತ್ತಿಯಲ್ಲಿ ಅದೇ ಸಂಖ್ಯೆ ಸೂಚಿಸುವ ಜಾಗ ಬೇರೆಯಾಗಿರಬಹುದು. ಎರಡೂ ಬೆರೆತರೆ ಕಂಪ್ಯೂಟರ್ ಆಕ್ಷೇಪಿಸದೆ ತಪ್ಪು ಉತ್ತರವನ್ನೇ ನೀಡೀತು. ‘ಮಾರ್ಚ್1’, ‘ಸೆಪ್ಟ್1’ ಎಂಬ ಜೀನ್‌ಗಳ ಹೆಸರುಗಳನ್ನು ಎಕ್ಸೆಲ್ ತಾನಾಗಿಯೇ ದಿನಾಂಕಗಳನ್ನಾಗಿ ಬದಲಿಸುತ್ತಿತ್ತು. ಕೊನೆಗೆ ನಾಮಕರಣ ಸಮಿತಿಯು ಜೀನ್‌ಗಳ ಹೆಸರನ್ನೇ ಬದಲಿಸಿ, 2020ರಲ್ಲಿ ಅದನ್ನು ಪ್ರಕಟಿಸಬೇಕಾಯಿತು! ಆದ್ದರಿಂದ ಯಾವ ಆವೃತ್ತಿ, ಯಾವ ಮಾದರಿ, ಯಾವ ಕ್ರಮ ಎಂಬುದನ್ನು ಹಂತಹಂತಕ್ಕೂ ದಾಖಲಿಸುವುದು ಉತ್ತಮ ತಂತ್ರಾಂಶದ ಮೊದಲ ಲಕ್ಷಣ.

ಇಂತಹ ತಂತ್ರಾಂಶ ರಚನೆಗೆ ಕರ್ನಾಟಕದಲ್ಲಿ ಮೊದಲೇ ಕೈಹಾಕಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರು 2000ದಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಕಂಪನಿಯನ್ನು ಸ್ಥಾಪಿಸಿದರು. ಸಿಂಪ್ಯೂಟರ್ ನಿರ್ಮಾಣದಲ್ಲಿಯೂ ಇವರೇ ಪ್ರಮುಖರು. ಪ್ರೋಗ್ರಾಮ್ ಬರೆಯಲು ಬಾರದ ಜೀವವಿಜ್ಞಾನಿಯೂ ತನ್ನ ದತ್ತಾಂಶವನ್ನು ತಾನೇ ವಿಶ್ಲೇಷಿಸುವಂತೆ ಅವರ ತಂತ್ರಾಂಶ ನೆರವಾಯಿತು. ಮುಂದೆ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್ ಎಂದಾದ ಈ ಕಂಪನಿ, ಆನುವಂಶಿಕ ಕ್ಯಾನ್ಸರ್‌ನ ಪರೀಕ್ಷೆಗಳಿಗೂ ಕಾಲಿಟ್ಟಿತು. 2021ರಲ್ಲಿ ಇದರ ಬಹುಪಾಲು ಷೇರುಗಳನ್ನು ರಿಲಯನ್ಸ್ ಸಮೂಹ ಕೊಂಡುಕೊಂಡಿತು.

ತಾಯಿಯ ಜೀನ್ ಪರೀಕ್ಷೆಯ ವರದಿಯನ್ನು ನೋಡಿ ಮಗಳು ತನ್ನ ತಪಾಸಣೆಯನ್ನು ನಿರ್ಧರಿಸುವ ಕಾಲವಿದು. ವರದಿಯಲ್ಲಿನ ‘ವಿಧಾನ’ ಎಂಬ ಭಾಗವನ್ನು ನಾವು ಓದದೆ ಬಿಡುವುದುಂಟು. ಲೆಕ್ಕಪತ್ರ ಇರುವುದು ಅಲ್ಲಿಯೇ. ವರದಿಯನ್ನು ಜೋಪಾನವಾಗಿ ಇಟ್ಟುಕೊಳ್ಳೋಣ. ಸಂಶಯವಿದ್ದರೆ ವೈದ್ಯರನ್ನು ಕೇಳೋಣ. ಜ್ಞಾನ ಬೆಳೆದಂತೆ ಅದೇ ಅಕ್ಷರಗಳಿಗೆ ನಾಳೆ ಬೇರೆ ಅರ್ಥ ಹೊಳೆಯಬಹುದು.