ಹಳೆಯ ಕಾರಿನ ಸೈಲೆನ್ಸರಿಗೆ ಒಳಗಿನಿಂದ ತುಕ್ಕು ಹಿಡಿಯುವುದೇಕೆ?

ಪ್ರಶ್ನೆ: ನನ್ನ ಹಳೆಯ ಮಾರುತಿ 800 ದಿನವೂ ಸಮೀಪದ ಪೇಟೆಗೆ ಹೋಗಿಬರುವುದಷ್ಟೇ, ಆದರೂ ಸೈಲೆನ್ಸರು ತೂತುಬಿದ್ದಿದೆ. ಕಾರಣವೇನು? ಮನೆಯಲ್ಲೇ ಸರಿಪಡಿಸಬಹುದೆ?

ಉತ್ತರ: ಆ ಅಲ್ಪ ಪ್ರಯಾಣವೇ ಇದರ ಮೂಲಕಾರಣವಾಗಿರುವ ಸಂಭವ ಹೆಚ್ಚು. ಪೆಟ್ರೋಲು ದಹಿಸುವಾಗ ಅದರಲ್ಲಿನ ಜಲಜನಕವು ವಾಯುವಿನ ಆಮ್ಲಜನಕದೊಡನೆ ಸಂಯೋಗ ಹೊಂದಿ ನೀರಾಗುವುದರಿಂದ, ಒಂದು ಲೀಟರು ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರು ನೀರೇ ಆವಿಯ ರೂಪದಲ್ಲಿ ಹೊಗೆಕೊಳವೆಯನ್ನು ಹಾದುಹೋಗುತ್ತದೆಂಬುದನ್ನು ಬಹುಜನರು ಅರಿಯರು. ದೂರ ಪ್ರಯಾಣದಲ್ಲಿ ಕೊಳವೆಯು ಚೆನ್ನಾಗಿ ಕಾದು ಆ ಆವಿಯೆಲ್ಲ ಹೊರಬೀಳುವುದು; ಎರಡು ಮೈಲಿ ಓಡಿ ನಿಂತುಬಿಡುವ ಕಾರಿನಲ್ಲಾದರೋ, ತಣ್ಣನೆಯ ತಗಡಿನ ಒಳಮೈಗೆ ತಗಲಿದ ಆವಿಯು ಹನಿಗಟ್ಟಿ, ಹೊಗೆಯಲ್ಲಿನ ಆಮ್ಲಾಂಶಗಳನ್ನು ಹೀರಿಕೊಂಡು, ರಾತ್ರಿಯೆಲ್ಲ ಅಲ್ಲಿಯೇ ನಿಂತು ಉಕ್ಕನ್ನು ತಿನ್ನುತ್ತದೆ. ಹೊರಗೆ ಬಣ್ಣ ಬಳಿದರೆ ಈ ಕ್ಷಯವು ನಿಲ್ಲದು.

ಸಣ್ಣ ರಂಧ್ರವನ್ನು, ಕೊಳವೆ ಪೂರ್ಣವಾಗಿ ತಣಿದ ಮೇಲೆ, ತಂತಿ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ, ಶಾಖ ತಡೆಯುವ ಪೇಸ್ಟು ಮೆತ್ತಿ, ತಗಡು ಸುತ್ತಿ ಕ್ಲಾಂಪಿನಿಂದ ಬಿಗಿದು ತಾತ್ಕಾಲಿಕವಾಗಿ ಮುಚ್ಚಬಹುದು. ಸೈಲೆನ್ಸರನ್ನು ತೂಗುಹಾಕಿರುವ ರಬ್ಬರುಗಳು ಬಿರಿದಿದ್ದರೆ ಅವನ್ನೂ ಬದಲಿಸತಕ್ಕದ್ದು, ಏಕೆಂದರೆ ಆಧಾರ ತಪ್ಪಿದ ಕೊಳವೆಯು ಅದುರಿ ಅದುರಿ ಬೆಸುಗೆಗಳೇ ಸೀಳುತ್ತವೆ. ತಗಡು ಬೆರಳೊತ್ತಿಗೇ ಕುಸಿದರೆ ಹೊಸದನ್ನು ಹಾಕಿಸುವುದೇ ಲೇಸು. ಜ್ಯಾಕ್ ಒಂದನ್ನೇ ನಂಬಿ ಕಾರಿನಡಿಗೆ ದಯವಿಟ್ಟು ಹೋಗಬೇಡಿರಿ; ಭದ್ರವಾದ ಸ್ಟ್ಯಾಂಡುಗಳಿರಲಿ. ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ವರ್ಣಗಂಧಗಳಿಲ್ಲದ, ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿಯುವ ವಿಷವಾದುದರಿಂದ, ದುರಸ್ತಿಯಾಗುವವರೆಗೆ ಕಾರನ್ನು ಓಡಿಸದಿರುವುದೇ ಕ್ಷೇಮ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಎಂಜಿನನ್ನು ಚಾಲೂ ಮಾಡಲೇಬಾರದು.